‘ಇಫ್’ ಪಕ್ಕದಲ್ಲಿ ‘ವಿಲ್’ ಕೂರಿಸಬೇಡಿ

ಇಂಗ್ಲಿಷ್ ವ್ಯಾಕರಣ ಪುಸ್ತಕಗಳಲ್ಲಿ ಷರತ್ತಿನ ವಾಕ್ಯಗಳಿಗೆ ನಂಬರ್ ಹಾಕಿರುತ್ತಾರೆ: ಜೀರೋ ಕಂಡೀಷನಲ್, ಫಸ್ಟ್, ಸೆಕೆಂಡ್, ಥರ್ಡ್, ಸಾಲದ್ದಕ್ಕೆ ಮಿಕ್ಸೆಡ್. ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವಾಗ ನಾನು ಈ ನಂಬರುಗಳನ್ನು ಬೋರ್ಡಿನ ಮೇಲೆ ಬರೆಯುವುದೇ ಇಲ್ಲ. ಪರೀಕ್ಷೆಗೆ ಓದುವವರಿಗೆ ಬೇಕು, ಸರಿ. ಮಾತಾಡುವವರಿಗೆ ಎರಡೇ ಪ್ರಶ್ನೆ ಸಾಕು. ಇದು ಆಗಬಹುದಾದ ಮಾತೋ, ಬರೀ ಕಲ್ಪನೆಯೋ? ಕಲ್ಪನೆಯಾದರೆ, ಈಗಿನದೋ, ಆಗಲೇ ಮುಗಿದುಹೋದದ್ದೋ?

ಆಗಬಹುದಾದದ್ದನ್ನು ಮೊದಲು ನೋಡೋಣ. ನಾಳೆ ಮಳೆ ಬಂದರೆ ಮನೆಯಲ್ಲೇ ಇರ್ತೀನಿ ಅನ್ನಬೇಕು. ‘ಇಫ್ ಇಟ್ ರೇನ್ಸ್ ಟುಮಾರೋ, ಐಲ್ ಸ್ಟೇ ಹೋಮ್.’ ಮಳೆ ಬರುವುದು ನಾಳೆ, ಆದರೂ ‘ರೇನ್ಸ್’. ‘ವಿಲ್’ ಬರುವುದು ಆಮೇಲಿನ ಭಾಗಕ್ಕೆ ಮಾತ್ರ. ‘ಇಫ್ ಯು ವಿಲ್ ಕಮ್, ಐ ವಿಲ್ ಟೆಲ್ ಯು’ ಅನ್ನುವುದು ನಾನು ದಿನಾ ಕೇಳುವ ತಪ್ಪು. ‘ಇಫ್ ಯು ಕಮ್, ಐಲ್ ಟೆಲ್ ಯು’ ಅಂದರೆ ಮುಗಿಯಿತು. ‘ವೆನ್’, ‘ಅಂಟಿಲ್’, ‘ಆಸ್ ಸೂನ್ ಆಸ್’ ಬಂದಾಗಲೂ ಇದೇ ಕಟ್ಟಳೆ. ಒಂದು ವಿನಾಯಿತಿ ಇದೆ: ‘ಇಫ್ ಯು ವಿಲ್ ವೇಟ್ ಎ ಮಿನಿಟ್, ಐಲ್ ಚೆಕ್.’ ಇಲ್ಲಿ ‘ವಿಲ್’ ನಾಳೆಯ ಮಾತಲ್ಲ, ದಯವಿಟ್ಟು ಕಾಯ್ತೀರಾ ಅನ್ನುವ ವಿನಯ.

ಯಾವಾಗಲೂ ಹಾಗೇ ಆಗುವ ಸಂಗತಿಯಾದರೆ ಎರಡೂ ಕಡೆ ವರ್ತಮಾನ. ಪುಸ್ತಕಗಳು ಐಸ್ ಕಾಯಿಸಿದರೆ ಕರಗುತ್ತದೆ ಅಂತ ಉದಾಹರಣೆ ಕೊಡುತ್ತವೆ. ಅದನ್ನು ಯಾರೂ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ‘ಇಫ್ ಐ ಡ್ರಿಂಕ್ ಕಾಫಿ ಅಟ್ ನೈಟ್, ಐ ಕಾಂಟ್ ಸ್ಲೀಪ್’ ಅಂತ ಕಲಿಯಿರಿ.

ಈಗ ಕಲ್ಪನೆ. ‘ಇಫ್ ಐ ಹ್ಯಾಡ್ ಟೈಮ್, ಐಡ್ ಲರ್ನ್ ಟು ಸ್ವಿಮ್.’ ಸಮಯ ಇಲ್ಲ, ಹಾಗಾಗಿ ಕಲಿಯುತ್ತಿಲ್ಲ, ಮಾತೆಲ್ಲ ಈಗಿನದು. ಮತ್ತೆ ‘ಹ್ಯಾಡ್’ ಯಾಕೆ ಅಂತ ತಕರಾರು ಎತ್ತುವವರಿಗೆ ನಾನು ಕನ್ನಡವನ್ನೇ ತೋರಿಸುತ್ತೇನೆ. ನಾಳೆ ಬಂದರೆ, ನಾಳೆ ಹೋದರೆ ಅನ್ನುವಾಗ ಒಳಗೆ ಕೂತಿರುವುದು ‘ಬಂದ’, ‘ಹೋದ’ ತಾನೇ? ನಾಳೆಯ ಮಾತಿಗೆ ಭೂತಕಾಲದ ರೂಪ ಬಳಸುವುದು ನಮಗೇನೂ ಹೊಸದಲ್ಲ. ಇಂಗ್ಲಿಷ್ ಅದನ್ನು ಕಲ್ಪನೆಗೆ ಮೀಸಲಿಟ್ಟಿದೆ, ಅಷ್ಟೇ ವ್ಯತ್ಯಾಸ.

ನಮ್ಮವರು ನಿಜವಾಗಿ ಎಡವುವುದು ಇನ್ನೊಂದು ಕಡೆ. ‘ದುಡ್ಡಿದ್ದರೆ ಕೊಡ್ತಿದ್ದೆ’ ಅನ್ನುವ ವಾಕ್ಯ ತೆಗೆದುಕೊಳ್ಳಿ. ಈಗ ಕೈ ಖಾಲಿ ಅಂತಲೂ ಆಗಬಹುದು, ಹೋದ ವರ್ಷ ನೀನು ಕೇಳಿದಾಗ ಇರಲಿಲ್ಲ ಅಂತಲೂ ಆಗಬಹುದು. ಕನ್ನಡದಲ್ಲಿ ಸಂದರ್ಭ ನೋಡಿ ತಿಳಿದುಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಬಾಯಿ ತೆಗೆಯುವ ಮೊದಲೇ ತೀರ್ಮಾನಿಸಬೇಕು. ಈಗಿನದಾದರೆ ‘ಇಫ್ ಐ ಹ್ಯಾಡ್ ಮನಿ, ಐಡ್ ಗಿವ್ ಇಟ್ ಟು ಯು.’ ಆಗಿನದಾದರೆ ‘ಇಫ್ ಐಡ್ ಹ್ಯಾಡ್ ಮನಿ, ಐಡ್ ಹ್ಯಾವ್ ಗಿವನ್ ಇಟ್ ಟು ಯು.’ ಎರಡನ್ನೂ ಬೆರೆಸಬಹುದು: ‘ಇಫ್ ಐಡ್ ಸ್ಲೆಪ್ಟ್ ಲಾಸ್ಟ್ ನೈಟ್, ಐ ವುಡಂಟ್ ಬಿ ಸೋ ಟಯರ್ಡ್ ನೌ.’ ನಿದ್ದೆಗೆಟ್ಟದ್ದು ನಿನ್ನೆ, ಸುಸ್ತು ಇವತ್ತು. ಪುಸ್ತಕದ ‘ಮಿಕ್ಸೆಡ್’ ಅಂದರೆ ಬಹುಮಟ್ಟಿಗೆ ಇದೇ.

ಆ ‘ಐಡ್’ ಕಿವಿಗೆ ಮೋಸ ಮಾಡುತ್ತದೆ. ‘ಇಫ್ ಐಡ್ ನೋನ್, ಐಡ್ ಹ್ಯಾವ್ ಕಾಲ್ಡ್’ ಅಂದಾಗ ಮೊದಲನೆಯದು ‘ಹ್ಯಾಡ್’, ಎರಡನೆಯದು ‘ವುಡ್’. ‘ಐಡ್’ ಆದಮೇಲೆ ‘ನೋನ್’, ‘ಸೀನ್’, ‘ಗಾನ್’ ಥರದ ರೂಪ ಬಂದರೆ ‘ಹ್ಯಾಡ್’. ‘ಹ್ಯಾವ್’, ‘ಗೋ’, ‘ಕಾಲ್’ ಥರದ ಮೂಲ ರೂಪ ಬಂದರೆ ‘ವುಡ್’. ಎರಡೂ ಒಂದೇ ಥರ ಕೇಳುವುದರಿಂದಲೋ ಏನೋ, ‘ಇಫ್ ಹಿ ವುಡ್ ಹ್ಯಾವ್ ಟೋಲ್ಡ್ ಮಿ’ ಅಂತ ಇಂಗ್ಲಿಷ್ ಮನೆಮಾತಿನವರೂ, ಅದರಲ್ಲೂ ಅಮೆರಿಕದವರು, ಆಡುಮಾತಿನಲ್ಲಿ ಅನ್ನುವುದುಂಟು. ಕೇಳಿ ಗಾಬರಿಯಾಗಬೇಡಿ. ಬರೆಯುವಾಗ ಮಾತ್ರ ‘ಇಫ್ ಹಿ ಹ್ಯಾಡ್ ಟೋಲ್ಡ್ ಮಿ’ ಅಂತಲೇ ಬರೆಯಿರಿ.

‘ಇಫ್ ಐ ವರ್ ಯು’ ಅನ್ನುವುದನ್ನು ಬಾಯಿಪಾಠ ಮಾಡಿಬಿಡಿ. ‘ಐ’ ಜೊತೆ ‘ವರ್’ ಹೇಗೆ ಅಂತ ಕೇಳುತ್ತಾ ಕೂರಬೇಡಿ. ಬೇರೆ ಕಡೆ ‘ಇಫ್ ಐ ವಾಸ್’ ಅಂದರೂ ಮಾತಿನಲ್ಲಿ ನಡೆಯುತ್ತದೆ.

ಎಲ್ಲ ‘ಇಫ್’ಗಳೂ ಷರತ್ತಲ್ಲ. ‘ದೇರ್ ಆರ್ ಬಿಸ್ಕೆಟ್ಸ್ ಆನ್ ದ ಸೈಡ್‌ಬೋರ್ಡ್ ಇಫ್ ಯು ವಾಂಟ್ ದೆಮ್’ ಅನ್ನುವುದು ತತ್ವಶಾಸ್ತ್ರಜ್ಞ ಜೆ. ಎಲ್. ಆಸ್ಟಿನ್ 1956ರ ಉಪನ್ಯಾಸದಲ್ಲಿ ಕೊಟ್ಟ ಉದಾಹರಣೆ. ನಿಮಗೆ ಬೇಡವಾದರೆ ಬಿಸ್ಕೆಟ್ ಮಾಯವಾಗುವುದಿಲ್ಲವಲ್ಲ. ‘ಐಯಾಮ್ ಇನ್ ದ ನೆಕ್ಸ್ಟ್ ರೂಮ್ ಇಫ್ ಯು ನೀಡ್ ಮಿ’ ಕೂಡ ಇದೇ ಜಾತಿ. ಇಲ್ಲಿ ‘ವಿಲ್’, ‘ವುಡ್’ ಯಾವುದರ ಗೋಜೂ ಇಲ್ಲ.

ಇನ್ನು ‘ಇಫ್ ಸಪೋಸ್’. ‘ಒಂದು ವೇಳೆ ಅವನು ಬರದಿದ್ದರೆ’ ಅನ್ನುವ ನಮ್ಮ ಅಭ್ಯಾಸದಿಂದ ಬಂದದ್ದು ಅಂತ ನನ್ನ ಗುಮಾನಿ. ಇಂಗ್ಲಿಷಿನಲ್ಲಿ ಒಂದು ಸಾಕು: ‘ಇಫ್ ಹಿ ಡಸಂಟ್ ಕಮ್’ ಅನ್ನಿ, ಇಲ್ಲವೇ ‘ಸಪೋಸ್ ಹಿ ಡಸಂಟ್ ಕಮ್’ ಅನ್ನಿ. ‘ಅನ್‌ಲೆಸ್’ ಒಳಗೆ ‘ಇಲ್ಲ’ ಆಗಲೇ ಇದೆ, ಅದಕ್ಕೆ ‘ಡೋಂಟ್’ ಅಂಟಿಸಬೇಡಿ: ‘ಐ ವೋಂಟ್ ಗೋ ಅನ್‌ಲೆಸ್ ಯು ಕಾಲ್ ಮಿ.’ ಕೊಡೆಯ ವಿಷಯದಲ್ಲಿ ಹುಷಾರು. ‘ಟೇಕ್ ಆ್ಯನ್ ಅಂಬ್ರೆಲಾ ಇಫ್ ಇಟ್ ರೇನ್ಸ್’ ಅಂದರೆ ಮಳೆ ಬಂದರೆ ಮಾತ್ರ ತಗೋ. ‘ಇನ್ ಕೇಸ್ ಇಟ್ ರೇನ್ಸ್’ ಅಂದರೆ ಬಂದೀತು, ಈಗಲೇ ತಗೋ.

ಬರೆಯುವಾಗ ‘ಇಫ್’ ಭಾಗ ಮೊದಲು ಬಂದರೆ ಅದರ ಕೊನೆಗೆ ಅಲ್ಪವಿರಾಮ ಹಾಕಿ. ಆಮೇಲೆ ಬಂದರೆ ಸಾಮಾನ್ಯವಾಗಿ ಬೇಡ. ‘ಶುಡ್ ಯು ನೀಡ್ ಎನಿ ಹೆಲ್ಪ್’, ‘ಹ್ಯಾಡ್ ಐ ನೋನ್’ ಅಂತ ‘ಇಫ್’ ನುಂಗಿದ ವಾಕ್ಯಗಳು ಆಫೀಸಿನ ಇಮೇಲ್‌ಗಳಲ್ಲಿ ಸಿಗುತ್ತವೆ. ಓದಿದರೆ ಅರ್ಥವಾಗಬೇಕು. ಗೆಳೆಯರ ಹತ್ತಿರ ಹಾಗೆ ಮಾತಾಡಿದರೆ ನಗುತ್ತಾರೆ.