ಜೋಡಿ ಚಿತ್ರದ ಗುಟ್ಟು ಹುಡುಕುವುದು ಹೇಗೆ

ಕೊಪ್ಪಳದಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರು. ಈಗಿನ ಬೆಲ್ಜಿಯಂ ಕಡೆಯ ಚಿತ್ರಕಾರ ಯಾನ್ ವಾನ್ ಐಕ್ 1434ರಲ್ಲಿ ಬರೆದ, ಆರ್ನೊಲ್ಫಿನಿ ಎಂಬ ವರ್ತಕ ಮನೆತನದ ಜೋಡಿಯ ತೈಲಚಿತ್ರದ ಪ್ರಿಂಟ್ ನಮ್ಮ ಕ್ಲಾಸಿನ ಗೋಡೆ ಮೇಲಿದೆ. ಮೂಲಚಿತ್ರ ಇರೋದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ.

ಮುಖಗಳನ್ನು ಆಮೇಲೆ ನೋಡಿ. ಮೊದಲು ಹಿಂದಿನ ಗೋಡೆಯ ಉಬ್ಬುಗನ್ನಡಿಗೆ ಹೋಗಿ, ಫೋನಿನಲ್ಲಿ ಝೂಮ್ ಮಾಡಿ. ಜೋಡಿಯ ಬೆನ್ನು ಕಾಣುತ್ತದೆ. ಅವರಾಚೆ ಬಾಗಿಲಲ್ಲಿ ಇನ್ನಿಬ್ಬರು ನಿಂತಿದ್ದಾರೆ, ಅಂದರೆ ನಾವು ನಿಂತಿರುವ ಕಡೆಯೇ! ಚೌಕಟ್ಟಿನ ಸುತ್ತ ಹತ್ತು ಪುಟ್ಟ ಬಿಲ್ಲೆಗಳು. ಅವುಗಳಲ್ಲಿ ಯೇಸು ಪಟ್ಟ ಪಾಡಿನ ದೃಶ್ಯಗಳಿವೆ. ಕಿನ್ನಾಳದಲ್ಲಿ ಗೊಂಬೆಗೆ ಕಣ್ಣು ಬರೆಯುವಾಗ ಕಲಾವಿದರು ಉಸಿರು ಬಿಗಿಹಿಡಿಯುವುದನ್ನು ನೋಡಿದ್ದೇನೆ. ಈ ಬಿಲ್ಲೆಗಳನ್ನು ನೋಡಿದಾಗಲೆಲ್ಲ ಅದೇ ನೆನಪಾಗುತ್ತದೆ. ಕನ್ನಡಿಯ ಮೇಲುಗಡೆ ಗೋಡೆಯಲ್ಲಿ ಲ್ಯಾಟಿನ್‌ನಲ್ಲಿ 'ಯಾನ್ ವಾನ್ ಐಕ್ ಇಲ್ಲಿದ್ದ, 1434' ಎಂಬ ಬರಹವಿದೆ.

ಈಗ ಹೆಂಗಸಿನ ಹೊಟ್ಟೆ. 'ಬಸುರಿ ಅಲ್ವಾ ಸರ್?' ಅಂತ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಅಲ್ಲ. ಸೀರೆ ನೆರಿಗೆ ಎತ್ತಿ ಹಿಡಿದ ಹಾಗೆ, ಉದ್ದನೆಯ ಹಸಿರು ಉಡುಪನ್ನು ಮುಂದಕ್ಕೆ ಎತ್ತಿಕೊಂಡಿದ್ದಾಳೆ. ಅಷ್ಟು ಜಾಸ್ತಿ ಬಟ್ಟೆಯೇ ಸಿರಿವಂತಿಕೆಯ ಗುರುತು. ಕಿಟಕಿ ಹತ್ತಿರದ ಕಿತ್ತಳೆಯೂ ಅಷ್ಟೇ. ವಾನ್ ಐಕ್‌ನ ಆ ಚಳಿ ನಾಡಿಗೆ ಅದು ದೂರದಿಂದ ಬರುತ್ತಿದ್ದ ದುಬಾರಿ ಹಣ್ಣು.

ನಾಯಿ ಅಂದರೆ ನಿಷ್ಠೆ, ಹಗಲಲ್ಲೂ ಉರಿಯುವ ಒಂಟಿ ಮೇಣದ ಬತ್ತಿ ಅಂದರೆ ದೇವರ ಕಣ್ಣು ಅಂತಾರೆ. ಇದು ಮದುವೆಯ ದಾಖಲೆ ಎಂದು ಕಲಾ ಇತಿಹಾಸಕಾರ ಎರ್ವಿನ್ ಪನೋಫ್‌ಸ್ಕಿ 1934ರಲ್ಲಿ ವಾದಿಸಿದರು. ಎಲ್ಲರೂ ಒಪ್ಪಿಲ್ಲ. ಅದಕ್ಕೇ ಕಂಡದ್ದನ್ನು ಒಂದು ಕಡೆ, ಊಹೆಯನ್ನು ಇನ್ನೊಂದು ಕಡೆ ಬರೆದುಕೊಳ್ಳಿ. ಎಡಗಡೆ ಕೆಳಗೆ ಕಳಚಿಟ್ಟ ಮರದ ಪಾದರಕ್ಷೆಗಳಿವೆ. ಅಲ್ಲಿಂದಲೇ ಶುರು ಮಾಡಿ.