ಎಲೆ ನೋಡಿ ಹೆಸರಿಟ್ಟು ಕೆಟ್ಟೆ

ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯಲ್ಲಿ ಕೇಟನ್ ಬೇ ಅಂತ ಒಂದು ಕೊಲ್ಲಿ ಇದೆ. ಅಲ್ಲಿನ ಗ್ರಿಸ್ಟ್‌ಹಾರ್ಪ್ ಸಸ್ಯಪದರಕ್ಕೆ, ಅಂದರೆ ಎಲೆಗಳ ಪಳೆಯುಳಿಕೆ ಸಿಗುವ ಕಲ್ಲಿನ ಪದರಕ್ಕೆ, ಸುಮಾರು 17 ಕೋಟಿ ವರ್ಷ, ಅಂದರೆ ಜುರಾಸಿಕ್ ಕಾಲದ ನಡುಭಾಗ. ಸಮುದ್ರ ಹಿಂದೆ ಸರಿದ ಹೊತ್ತಿನಲ್ಲೇ ಕೆಲಸ ಮುಗಿಸಬೇಕು. ಕಳಚಿ ಬಿದ್ದಿದ್ದ ಬಂಡೆಗಳನ್ನಷ್ಟೇ ನಾನು ಮುಟ್ಟುತ್ತಿದ್ದೆ. ಬೂದು ಜೇಡಿಕಲ್ಲಿನ ಪದರದ ಸಂದಿಗೆ ಉಳಿ ಇಟ್ಟು ಮೆಲ್ಲಗೆ ತಟ್ಟಿದರೆ ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು, ಒಳಗೆ ಕಪ್ಪಗೆ ಎಲೆ.

ಅಂಥದ್ದೊಂದು ಎಲೆ ನನ್ನನ್ನು ಸರಿಯಾಗಿ ಆಟ ಆಡಿಸಿತು. ಎರಡು ಬೆರಳಗಲದ ಪಟ್ಟಿ, ನಡುವೆ ಒಂದು ದಂಟು, ಅದರಿಂದ ಎರಡೂ ಕಡೆಗೆ ಒತ್ತೊತ್ತಾಗಿ ಹೊರಟ ನರಗಳು. ಬಾಳೆಲೆಯನ್ನು ಕುಗ್ಗಿಸಿ ಮಸಿ ಬಳಿದ ಹಾಗಿತ್ತು. ಸುತ್ತಿಟ್ಟ ಪೇಪರಿನ ಮೇಲೆ ಪೆನ್ಸಿಲ್‌ನಲ್ಲಿ ‘ನಿಲ್ಸೋನಿಯಾ’ ಅಂತ ಧೈರ್ಯವಾಗಿ ಬರೆದೆ. ಅದು ಸೈಕಾಸ್ ಗಿಡದ ನಂಟಿನ, ಈಗ ಅಳಿದುಹೋದ ಸಸ್ಯ.

ನಮ್ಮ ಗೈಡ್ ಅದನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ: ಎಲೆಯ ಹಾಳೆ ದಂಟಿಗೆ ಎಲ್ಲಿ ಅಂಟಿದೆ? ನಿಲ್ಸೋನಿಯಾದಲ್ಲಿ ಹಾಳೆ ದಂಟಿನ ಮೇಲ್ಮೈಗೇ ಅಂಟಿರುತ್ತದೆ, ಮೇಲಿನಿಂದ ನೋಡಿದರೆ ದಂಟು ಹೆಚ್ಚುಕಡಿಮೆ ಮುಚ್ಚಿಹೋಗಿರುತ್ತದೆ, ನರಗಳು ಕವಲೊಡೆಯುವುದಿಲ್ಲ. ಅದರಂತೆಯೇ ಕಾಣುವ ನಿಲ್ಸೋನಿಯಾಪ್ಟೆರಿಸ್‌ನಲ್ಲಿ ಹಾಳೆ ದಂಟಿನ ಎರಡು ಪಕ್ಕಕ್ಕೆ ಅಂಟಿರುತ್ತದೆ, ಅಲ್ಲೊಂದು ಇಲ್ಲೊಂದು ನರ ಕವಲಾಗುತ್ತದೆ. ನನ್ನ ಎಲೆಯಲ್ಲಿ ದಂಟೇನೋ ಎದ್ದು ಕಾಣುತ್ತಿತ್ತು. ಆದರೆ ನಾನು ನೋಡುತ್ತಿರುವುದು ಎಲೆಯ ಮೇಲ್ಮೈಯೋ ತಳವೋ? ತಳದಿಂದ ನೋಡಿದರೆ ನಿಲ್ಸೋನಿಯಾದ ದಂಟೂ ಕಾಣುತ್ತದಲ್ಲ! ಮಸೂರ ಹಿಡಿದು ಎಷ್ಟು ಹೊತ್ತು ಕೂತರೂ ಬಗೆಹರಿಯಲಿಲ್ಲ.

ಉಳಿದದ್ದು ಕ್ಯುಟಿಕಲ್. ಎಲೆಯ ಮೇಲಿನ ಈ ಮೇಣದಂಥ ಪೊರೆ ಸುಲಭಕ್ಕೆ ಕೊಳೆಯುವುದಿಲ್ಲ. ಒಳಗಿನ ಜೀವಕೋಶಗಳು ಇದ್ದಲಾದರೂ ಹೊರಪದರದ ಕೋಶಗಳ ಅಚ್ಚು ಪೊರೆಯಲ್ಲಿ ಉಳಿದಿರುತ್ತದೆ.

ಅಕ್ಕಿಕಾಳಿನಷ್ಟು ಚೂರನ್ನು ಸೂಜಿಯಿಂದ ಎಬ್ಬಿಸಿ, ಗಾಜಿನ ಬಟ್ಟಲಿಗೆ ಹಾಕಿ, ಗಾಢ ನೈಟ್ರಿಕ್ ಆಮ್ಲ ಮತ್ತು ಪೊಟ್ಯಾಸಿಯಂ ಕ್ಲೋರೇಟಿನ ನಾಲ್ಕು ಹರಳು ಸೇರಿಸಿದೆ. ಹೊಗೆ ಹೊರಹಾಕುವ ಕಪಾಟಿನೊಳಗೇ ಮಾಡುವ ಕೆಲಸ ಇದು, ಮನೆಯ ಮೇಜಿನ ಮೇಲಲ್ಲ. ಮೊದಲ ಸಲ ರಾತ್ರಿಯೆಲ್ಲ ಬಿಟ್ಟು ಹೋದೆ. ಬೆಳಿಗ್ಗೆ ಬಟ್ಟಲಲ್ಲಿ ಹಳದಿ ನೀರು ಬಿಟ್ಟರೆ ಏನೂ ಇಲ್ಲ, ಪೊರೆಯೂ ಕರಗಿಹೋಗಿತ್ತು. ಎರಡನೇ ಸಲ ಪಕ್ಕದಲ್ಲೇ ಕೂತೆ. ಕಪ್ಪು ಚೂರು ಮೆಲ್ಲಗೆ ಕಂದಾಗಿ, ಆಮೇಲೆ ಜೇನಿನ ಬಣ್ಣಕ್ಕೆ ತಿರುಗಿದ ಕೂಡಲೇ ಆಮ್ಲ ತೆಗೆದು, ಚೆನ್ನಾಗಿ ನೀರಲ್ಲಿ ತೊಳೆದು, ತೆಳು ಅಮೋನಿಯಾ ಬಿಟ್ಟೆ. ಚೂರಿನಿಂದ ಕಾಫಿ ಡಿಕಾಕ್ಷನ್ ಇಳಿದ ಹಾಗೆ ಕಂದುಬಣ್ಣ ಹೊರಗೆ ಹರಿಯಿತು. ಆ ಗಳಿಗೆ ನನಗೆ ಇವತ್ತಿಗೂ ಬೇಸರ ಬಂದಿಲ್ಲ. ಕೊನೆಗೆ ಉಳಿದದ್ದು ಹಾಲಿನ ಕೆನೆಗಿಂತ ತೆಳುವಾದ ಪೊರೆ, ದಿಂಬಿನ ಚೀಲದಂತೆ ಎರಡು ಮಡಿಕೆ. ಎಲೆಯ ಮೇಲ್ಭಾಗದ್ದೊಂದು, ತಳದ್ದೊಂದು. ಸೂಜಿಯಿಂದ ಬಿಡಿಸಿ, ಸ್ಯಾಫ್ರನಿನ್ ಬಣ್ಣ ಹಿಡಿಸಿ, ಗ್ಲಿಸರಿನ್ ಜೆಲ್ಲಿಯಲ್ಲಿ ಸ್ಲೈಡ್ ಮಾಡಿದೆ.

ಮೊದಲ ಪೊರೆಯಲ್ಲಿ ಪತ್ರರಂಧ್ರಗಳೇ ಕಾಣಲಿಲ್ಲ, ಎದೆ ಧಸಕ್ಕೆಂದಿತು. ಅದು ಮೇಲ್ಮೈಯ ಪೊರೆ ಅಷ್ಟೆ. ಎರಡನೆಯದರಲ್ಲಿ ನರಗಳ ನಡುವಿನ ಪಟ್ಟಿಯ ತುಂಬ ರಂಧ್ರಗಳು. ಒಂದೊಂದು ರಂಧ್ರದಲ್ಲೂ ಎರಡು ಕಾವಲು ಕೋಶ, ಅವುಗಳ ಎರಡು ಮಗ್ಗುಲಿಗೆ ಒತ್ತಿಕೊಂಡು ಎರಡೇ ಸಹಾಯಕ ಕೋಶ. ಹೆಚ್ಚಿನ ರಂಧ್ರಗಳು ನರಕ್ಕೆ ಅಡ್ಡಲಾಗಿ ಮಲಗಿದ್ದವು. ಸುತ್ತಲಿನ ಕೋಶಗಳ ಗೋಡೆ ಹಾವಿನ ನಡೆಯಂತೆ ಡೊಂಕುಡೊಂಕು. ಹೋಲಿಕೆಗೆ ಕುಂಡದಲ್ಲಿದ್ದ ಸೈಕಾಸ್ ಎಲೆಗೂ ಇದೇ ಶಾಸ್ತ್ರ ಮಾಡಿದೆ. ಅಲ್ಲಿ ರಂಧ್ರದ ಸುತ್ತ ಐದಾರು ಕೋಶ ಉಂಗುರದ ಹಾಗೆ ಕೂತಿದ್ದವು.

ವ್ಯತ್ಯಾಸ ಹುಟ್ಟುವುದೇ ಬೆಳವಣಿಗೆಯಲ್ಲಿ. ಸೈಕಾಸ್ ಮತ್ತು ನಿಲ್ಸೋನಿಯಾಗಳಲ್ಲಿ ತಾಯಿಕೋಶದಿಂದ ಕಾವಲು ಕೋಶಗಳು ಮಾತ್ರ ಹುಟ್ಟುತ್ತವೆ, ಸಹಾಯಕ್ಕೆ ಬರುವುದು ಅಕ್ಕಪಕ್ಕದ ಕೋಶಗಳು. ನಿಲ್ಸೋನಿಯಾಪ್ಟೆರಿಸ್ ಸೇರುವುದು ಬೆನೆಟೈಟೇಲಿಸ್ ಎಂಬ, ಈಗ ಅಳಿದುಹೋದ ಇನ್ನೊಂದು ಗುಂಪಿಗೆ. ಅಲ್ಲಿ ಸಹಾಯಕ ಕೋಶಗಳೂ ಅದೇ ತಾಯಿಯ ಮಕ್ಕಳು ಎಂಬುದು ಸಸ್ಯವಿಜ್ಞಾನಿ ಫ್ಲೋರಿನ್ ಅವರ ವಿವರಣೆ. ಎರಡು ಗುಂಪುಗಳ ಕ್ಯುಟಿಕಲ್ ಬೇರೆ ಎಂದು ಸಸ್ಯವಿಜ್ಞಾನಿಗಳಾದ ಹ್ಯಾಮ್‌ಶಾ ಥಾಮಸ್ ಮತ್ತು ಬ್ಯಾನ್‌ಕ್ರಾಫ್ಟ್ 1913ರಲ್ಲೇ ತೋರಿಸಿದ್ದರು. ನನ್ನ ಎಲೆ ಸೈಕಾಸಿನ ನಂಟಲ್ಲ, ಬೆನೆಟೈಟೇಲಿಸ್ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಟಾಮ್ ಹ್ಯಾರಿಸ್ 1961ರಿಂದ 1979ರವರೆಗೆ ಐದು ಸಂಪುಟಗಳಲ್ಲಿ ಯಾರ್ಕ್‌ಷೈರಿನ ಈ ಸಸ್ಯಗಳನ್ನು ವಿವರಿಸಿದ್ದಾರೆ. ಅವರ ಕ್ಯುಟಿಕಲ್ ಚಿತ್ರಗಳ ಪಕ್ಕ ನನ್ನ ಸ್ಲೈಡ್ ಇಟ್ಟು ನೋಡಿ, ‘ನಿಲ್ಸೋನಿಯಾಪ್ಟೆರಿಸ್ ವಿಟ್ಟಾಟಾ’ ಅಂತ ಬರೆದೆ. ಹಳೆಯ ಹೆಸರನ್ನು ಅಳಿಸಲಿಲ್ಲ, ಗೆರೆ ಎಳೆದು ಹಾಗೇ ಬಿಟ್ಟೆ.

ಅದೇ ಪೆಟ್ಟಿಗೆಯಲ್ಲಿ ಇಂಥದೇ ಇನ್ನೂ ಮೂರು ಎಲೆ ಇದ್ದವು. ಕಲ್ಲಿನ ಮೇಲೆ ಅಚ್ಚು ಮಾತ್ರ, ಕೆರೆದು ತೆಗೆಯಲು ಒಂದು ಚೂರೂ ಇದ್ದಲು ಇರಲಿಲ್ಲ. ಕ್ಯುಟಿಕಲ್ ಸಿಗದ ಇಂಥ ಎಲೆಗಳಿಗೆಂದೇ ‘ಟೀನಿಯಾಪ್ಟೆರಿಸ್’ ಎಂಬ ಸಾಮಾನ್ಯ ಹೆಸರಿದೆ. ಅವು ಈಗಲೂ ಆ ಹೆಸರಿನಲ್ಲೇ ಕೂತಿವೆ.