ಮುಂದಿನ ಚಕ್ರದ ಬೇರಿಂಗ್ ಮನೇಲೇ ಬದಲಾಯಿಸಿದ್ದು: ನನ್ನ ಅನುಭವ

ಗುಬ್ಬಿಯಿಂದ ತುಮಕೂರಿಗೆ ದಿನಾ ಬೈಕಲ್ಲೇ ಓಡಾಡೋನು ನಾನು, ಹೋದ ತಿಂಗಳು ಮುಂದಿನ ಚಕ್ರದಿಂದ ಗೊರ್ ಅಂತ ಶಬ್ದ ಶುರುವಾಯ್ತು, ಸ್ಪೀಡ್ ಏರಿದಂಗೆಲ್ಲ ಜಾಸ್ತಿ. ಚಕ್ರ ಎತ್ತಿ ಟೈರನ್ನ ಎರಡೂ ಕಡೆ ಹಿಡ್ದು ಅಲ್ಲಾಡಿಸಿದ್ರೆ ಕಟಕಟ ಅಂತಿತ್ತು.

ಆಕ್ಸಲ್, ಅಂದ್ರೆ ಚಕ್ರದ ನಡುವೆ ಹಾಯೋ ಕಂಬಿ, ಬಿಚ್ಚಿ ಬೇರಿಂಗ್ ಒಳಗೆ ಬೆರಳಿಟ್ಟು ತಿರುಗಿಸ್ದೆ, ಮರಳು ತುಂಬ್ದಂಗೆ ಗರಗರ, ಗ್ರೀಸ್ ಒಣಗಿ ತುಕ್ಕು ಹಿಡಿದಿತ್ತು. ಹಳೇದು ತೆಗೆಯೋದೇ ದೊಡ್ಡ ಕೆಲಸ. ಎರಡೂ ಕಡೆ ಒಂದೊಂದು ಬೇರಿಂಗ್, ಅವೆರಡರ ನಡುವೆ ಕೊಳವೆ ಥರ ಸ್ಪೇಸರ್ ಇರತ್ತೆ, ಅದನ್ನ ಒಂಚೂರು ಪಕ್ಕಕ್ಕೆ ಸರಿಸಿ ಉದ್ದದ ರಾಡನ್ನ ಈ ಕಡೆಯಿಂದ ಹಾಕಿ ಆ ಕಡೆ ಬೇರಿಂಗಿನ ಅಂಚಿಗೆ ಸುತ್ತಲೂ ಸ್ವಲ್ಪ ಸ್ವಲ್ಪನೇ ಹೊಡೀಬೇಕು, ಒಂದೇ ಕಡೆ ಬಾರಿಸಿದ್ರೆ ಓರೆಯಾಗಿ ಸಿಕ್ಕಾಕೊಳತ್ತೆ. ಹಬ್, ಅಂದ್ರೆ ಬೇರಿಂಗ್ ಕೂರೋ ಚಕ್ರದ ನಡುವಿನ ಅಲ್ಯೂಮಿನಿಯಂ ಭಾಗದ ಮೇಲೆ ಕುದಿಯೋ ನೀರು ಹುಯ್ದ್ಮೇಲೆ ಸಲೀಸಾಗಿ ಬಂತು, ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗತ್ತೆ.

ಹಳೇದರ ಮೇಲೆ 6301 ಅಂತಿತ್ತು, ಅಂದ್ರೆ ಒಳಗೆ 12 ಎಂಎಂ, ಹೊರಗೆ 37, ದಪ್ಪ 12. ಎರಡೂ ಕಡೆ ರಬ್ಬರ್ ಸೀಲ್ ಇರೋ 2ಆರ್‌ಎಸ್ ತಗೊಂಡೆ, ನಮ್ಮ ರೋಡಿನ ಧೂಳಿಗೆ ಅದೇ ಸರಿ.

ಹೊಸದನ್ನ ರಾತ್ರಿಯೆಲ್ಲ ಫ್ರೀಜರಲ್ಲಿಟ್ಟು, ಬೆಳಿಗ್ಗೆ ಅದರ ಮೇಲೆ ಹಳೇ ಬೇರಿಂಗ್ ಇಟ್ಟು ಹೊರ ರಿಂಗಿಗೆ ಮಾತ್ರ ಏಟು ಬೀಳಂಗೆ ಹೊಡ್ದೆ. ಒಳ ರಿಂಗಿಗೆ ಹೊಡೆದ್ರೆ ಹೊಸದೂ ಹಾಳು. ಟಣ್ ಟಣ್ ಅಂತಿದ್ದ ಸದ್ದು ತಳ ಮುಟ್ಟಿದ ತಕ್ಷಣ ಗಟ್ಟಿಯಾಗಿ ಠಪ್ ಅನ್ನತ್ತೆ, ಅಲ್ಲಿಗೆ ನಿಲ್ಲಿಸ್ಬೇಕು. ಎರಡನೇದು ಹಾಕೋ ಮುಂಚೆ ಸ್ಪೇಸರ್ ಒಳಗಿಡೋದು ದಯವಿಟ್ಟು ಮರೀಬೇಡಿ, ಅದಿಲ್ದೆ ಆಕ್ಸಲ್ ನಟ್ ಬಿಗಿ ಮಾಡಿದ್ರೆ ಒಳ ರಿಂಗುಗಳ ಮೇಲೆ ಪಕ್ಕದಿಂದ ಒತ್ತಡ ಬಿದ್ದು ಬೇರಿಂಗ್ ಬೇಗ ಹೋಗತ್ತೆ.

ನಿನ್ನೆ ಕ್ಯಾತ್ಸಂದ್ರ ತನಕ ಹೋಗ್ಬಂದೆ, ಚೈನಿನ ಸದ್ದು ಬಿಟ್ರೆ ಬೇರೇನೂ ಕೇಳ್ಲಿಲ್ಲ.